ಫ್ರೆಡ್ ಅಗೇನ್: ಯಾವ ಆಲ್ಬಂನಿಂದ ಕೇಳಲು ಶುರು ಮಾಡಬೇಕು?

ಲಂಡನ್ನಿನ ಎಲೆಕ್ಟ್ರಾನಿಕ್ ಸಂಗೀತಗಾರ ಫ್ರೆಡ್ ಅಗೇನ್ ಹೆಸರು ಎಲ್ಲೋ ಕಿವಿಗೆ ಬಿದ್ದು, ಕೇಳೋಣ ಅಂತ ಆ್ಯಪ್ ತೆರೆದವರಿಗೆ ಮೊದಲು ತಲೆಯೇ ಕೆಡುತ್ತದೆ. 'ಆಕ್ಚುವಲ್ ಲೈಫ್' ಅನ್ನೋ ಒಂದೇ ಹೆಸರಿನ ಮೂರು ಆಲ್ಬಂ. ಮೂರರ ಹೆಸರಿನ ಜೊತೆಗೂ ಉದ್ದುದ್ದ ತಾರೀಖುಗಳು. ಅದರ ಪಕ್ಕ 'ಯುಎಸ್‌ಬಿ' ಅಂತ ಒಂದು. ಅದು ಆಲ್ಬಮ್ಮೋ, ಪ್ಲೇಲಿಸ್ಟೋ ಗೊತ್ತಾಗಲ್ಲ. ಆಮೇಲೆ 'ಟೆನ್ ಡೇಸ್'. ಅದರಲ್ಲಿ ಇಪ್ಪತ್ತು ಟ್ರ್ಯಾಕ್, ಅರ್ಧಕ್ಕರ್ಧ ಒಂದು ನಿಮಿಷವೂ ಇಲ್ಲದವು. ಇಂಗ್ಲೆಂಡಿನ ಹಿರಿಯ ಸಂಗೀತಗಾರ ಬ್ರಯಾನ್ ಈನೋ ಜೊತೆಗಿನ ಒಂದು ಆಲ್ಬಮ್ಮಿನಲ್ಲಿ ಬೀಟೇ ಇಲ್ಲ. ಇದರ ಮೇಲೆ 2025ರಲ್ಲಿ ಶುರುವಾದ 'ಯುಎಸ್‌ಬಿ002' ಬೇರೆ.

ಎಲ್ಲವನ್ನೂ ಕೇಳಿ, ಎಲ್ಲವೂ ಚೆನ್ನಾಗಿವೆ ಅಂತ ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಅವೆಲ್ಲ ಒಂದೇ ಮಟ್ಟದಲ್ಲಿಲ್ಲ. ಒಂದೊಂದು ಒಂದೊಂದು ಹೊತ್ತಿಗೆ ಆಗುವಂಥವು. ತಪ್ಪಾದ ಕಡೆಯಿಂದ ಶುರು ಮಾಡಿದರೆ "ಇಷ್ಟಕ್ಕೇ ಇಷ್ಟು ಗದ್ದಲಾನಾ?" ಅನ್ನಿಸಿ ಬಿಟ್ಟುಬಿಡುವ ಸಾಧ್ಯತೆಯೇ ಜಾಸ್ತಿ.

ಮೊದಲು ಆಳು ಯಾರು ಅಂತ ನೋಡೋಣ. ನಿಜ ಹೆಸರು ಫ್ರೆಡ್ ಗಿಬ್ಸನ್, 1993ರಲ್ಲಿ ಹುಟ್ಟಿದ ಲಂಡನ್ ಹುಡುಗ. ಹದಿಹರೆಯದಲ್ಲೇ ಬ್ರಯಾನ್ ಈನೋ ಅವರ ಹಾಡುಗಾರರ ಗುಂಪಿಗೆ ಸೇರಿಕೊಂಡು ಅವರ ಶಿಷ್ಯನಾದ. ತನ್ನ ಹೆಸರಲ್ಲಿ ಹಾಡು ಬಿಡುವ ಮೊದಲು ಬೇರೆಯವರಿಗೆ ಹಾಡು ಕಟ್ಟಿಕೊಡುವುದೇ ಕೆಲಸ. ಜಾರ್ಜ್ ಎಜ್ರಾ ಅವರ 'ಶಾಟ್‌ಗನ್', ಎಡ್ ಶೀರನ್ ಅವರ 2019ರ ಆಲ್ಬಮ್ಮಿನ ಬಹುಪಾಲು, ರಾಪರ್ ಸ್ಟಾರ್ಮ್‌ಝಿ, ಹೀಗೆ. 2020ರಲ್ಲಿ ವರ್ಷದ ಪ್ರೊಡ್ಯೂಸರ್ (ಹಾಡಿನ ಸದ್ದನ್ನು ಕಟ್ಟುವವರು) ಅಂತ ಬ್ರಿಟನ್ನಿನ ಸಂಗೀತ ಪ್ರಶಸ್ತಿ ಬ್ರಿಟ್ ಕೂಡ ಬಂತು. ಅಂದರೆ ಸ್ವಂತ ಆಲ್ಬಂ ಬರುವ ಹೊತ್ತಿಗೆ, ಜನ ಗುನುಗುವಂಥ ಸಾಲನ್ನು ಹೇಗೆ ಹಿಡಿಯಬೇಕು ಅನ್ನೋದು ಕೈವಶವಾಗಿತ್ತು. ಇದು ಈತನ ಬಲ. ಕೆಲವು ಕಡೆ ಇದೇ ತೊಂದರೆಯೂ ಹೌದು.

ಇವರ ಹಾಡುಗಳು ಹುಟ್ಟುವುದು ಬೇರೆಯವರ ದನಿಯಿಂದ. ಫೋನಿನಲ್ಲಿ ಹಿಡಿದ ಸ್ನೇಹಿತರ ಮಾತು, ಇನ್‌ಸ್ಟಾಗ್ರಾಂನಲ್ಲಿ ಕಂಡ ವಿಡಿಯೋ, ಯಾರೋ ಓದಿದ ಕವಿತೆ, ಯಾವುದೋ ಹಾಡಿನ ಅರ್ಧ ಸಾಲು. ಅದನ್ನು ಕತ್ತರಿಸಿ, ಸ್ವರ ಏರಿಸಿ ಇಳಿಸಿ, ಕೆಳಗೆ ಪಿಯಾನೋ ಇಟ್ಟು, ಮೆಲ್ಲಗೆ ಧಮ್ ಧಮ್ ಅನ್ನುವ ಕಿಕ್ ಡ್ರಮ್ ಸೇರಿಸುತ್ತಾರೆ. ದನಿ ಯಾರದೋ ಅವರ ಹೆಸರೇ ಹಾಡಿನ ಹೆಸರು: 'ಕಾರ್ಲೋಸ್', 'ಡಿಲೈಲಾ', 'ಡ್ಯಾನಿಯಲ್'. ಹಾಗಾಗಿ ಇವರ ಆಲ್ಬಂ ಆರಿಸಿಕೊಳ್ಳುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಲ್ಲಿ ಯಾರ ದನಿ ಇದೆ? ನನ್ನ ಲೆಕ್ಕದಲ್ಲಿ, ದನಿಯ ಒಡೆಯರು ಎಷ್ಟು ಕಡಿಮೆ ಹೆಸರುವಾಸಿಯೋ ಹಾಡು ಅಷ್ಟು ಗಟ್ಟಿ. ಒಂದೆರಡು ಹಾಡು ಇದನ್ನು ಸುಳ್ಳು ಮಾಡುತ್ತವೆ, ಅವು ಮುಂದೆ ಬರುತ್ತವೆ.

ಇನ್ನೊಂದು ಮಾತು. ಇದನ್ನೆಲ್ಲ ಹೌಸ್ ಅಂತ ಕರೆಯಬಹುದಾ? ಪೂರ್ತಿ ಅಲ್ಲ. ಹೌಸ್ ಅಂದರೆ ಸರಳವಾಗಿ ನಾಲ್ಕು ಎಣಿಕೆ, ಪ್ರತಿ ಎಣಿಕೆಗೂ ತಪ್ಪದೆ ಒಂದು ಕಿಕ್, ನಿಮಿಷಕ್ಕೆ ಸುಮಾರು 120ರಿಂದ 130 ಬೀಟ್. 1980ರ ದಶಕದಲ್ಲಿ ಶಿಕಾಗೋದ ಕಪ್ಪು ಜನರ, ಸಲಿಂಗಿಗಳ ಕ್ಲಬ್ಬುಗಳಲ್ಲಿ ಬೆಳೆದ ಸಂಗೀತ ಅದು. ಫ್ರೆಡ್ ಆ ಬುನಾದಿಯ ಮೇಲೆ ಲಂಡನ್ನಿನ ಗ್ಯಾರೇಜ್ ತಾಳವನ್ನು ಬೆರೆಸುತ್ತಾರೆ. ಅದರಲ್ಲಿ ಕಿಕ್ ಪ್ರತಿ ಎಣಿಕೆಗೂ ಬೀಳದೆ ತಪ್ಪಿಸಿ ತಪ್ಪಿಸಿ ಬೀಳುತ್ತದೆ. ಅಲ್ಲಲ್ಲಿ ಭಾರವಾದ ಕೆಳದನಿಯ ಡಬ್‌ಸ್ಟೆಪ್ಪೂ ಇದೆ. ಅಪ್ಪಟ ಹೌಸ್ ಮಾತ್ರ ಬೇಕು ಅನ್ನುವವರಿಗೆ ಈ ಪಟ್ಟಿಯಲ್ಲಿ ಸಿಗುವುದು ಅರ್ಧ ಊಟವೇ. ಅವರು ಹೌಸ್‌ನ ಹಿರಿಯರಾದ ಲ್ಯಾರಿ ಹರ್ಡ್, ಕೆರಿ ಚಾಂಡ್ಲರ್ ಕಡೆ ಹೋಗುವುದು ಒಳ್ಳೆಯದು.

ಮೊದಲ 'ಆಕ್ಚುವಲ್ ಲೈಫ್': ಒಬ್ಬರೇ ಇರುವಾಗ

ಏಪ್ರಿಲ್ 14, 2020ರಿಂದ ಡಿಸೆಂಬರ್ 17, 2020. ಹೆಸರಿನ ಜೊತೆಗಿರುವ ತಾರೀಖು ಇದು. ಆಲ್ಬಂ ಹೊರಬಂದಿದ್ದು 2021ರ ಏಪ್ರಿಲ್‌ನಲ್ಲಿ. ಆ ತಿಂಗಳುಗಳು ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕ್ಲಬ್ಬುಗಳೆಲ್ಲ ಮುಚ್ಚಿದ್ದವು. ಕುಣಿಯಲು ಜಾಗವೇ ಇಲ್ಲದಿದ್ದಾಗ ಮಾಡಿದ ಕುಣಿತದ ಸಂಗೀತ ಇದು. ಅದಕ್ಕೇ ಇದರಲ್ಲಿ ಬೀಟ್ ಹಿಂದೆ, ದನಿ ಮುಂದೆ.

'ಕಾರ್ಲೋಸ್' ಹಾಡಿನಲ್ಲಿ ಮಾತಾಡುವವರು ಅಮೆರಿಕದ ಅಟ್ಲಾಂಟಾದಲ್ಲಿ ಫ್ರೆಡ್‌ಗೆ ಸಿಕ್ಕಿದ ಒಬ್ಬ ಕಟ್ಟಡ ಕೆಲಸಗಾರ. ಹೇಗೋ ಪಾರಾಗುತ್ತೇವೆ ಬಿಡಿ ಅನ್ನುವ ಧಾಟಿಯ ಮಾತು. ಫೋನಿನಲ್ಲಿ ಸುಮ್ನೆ ಹಿಡಿದದ್ದು. ಅದೇ ಮಾತು ಮತ್ತೆ ಮತ್ತೆ ಬಂದು ಬಂದು ರಾಗವೇ ಆಗಿಬಿಡುತ್ತದೆ. 'ಸಬ್ರಿನಾ'ದಲ್ಲಿ ಕೆನಡಾದ ಕವಯಿತ್ರಿ ಸಬ್ರಿನಾ ಬೆನೈಮ್ ತನ್ನ ಖಿನ್ನತೆಯನ್ನು ಅಮ್ಮನಿಗೆ ವಿವರಿಸುವ ಕವಿತೆಯ ತುಣುಕು ಇದೆ. 'ಕೈಲ್' ಹಾಡೂ ಕವಿಯೊಬ್ಬರ ದನಿಯಿಂದಲೇ ಹುಟ್ಟಿದ್ದು. ಇವು ಯಾವುವೂ ಹಾಡಲು ಬರೆದ ಸಾಲುಗಳಲ್ಲ. ಮಾತಿನ ಏರಿಳಿತದಲ್ಲೇ ಸ್ವರ ಹುಡುಕಿ, ಅದಕ್ಕೆ ತಕ್ಕ ಪಿಯಾನೋ ಕೂರಿಸಿದ್ದಾರೆ. ಈ ಕೈಚಳಕ ಮುಂದಿನ ಆಲ್ಬಂಗಳಲ್ಲಿ ಇಷ್ಟು ಚೊಕ್ಕವಾಗಿ ಸಿಗುವುದಿಲ್ಲ.

'ಮರಿಯಾ' ಇದರ ದೊಡ್ಡ ಹಾಡು. ದನಿ ಅಮೆರಿಕದ ಡಿಜೆ ದಿ ಬ್ಲೆಸೆಡ್ ಮಡೋನಾ ಅವರದು. ನಿಜ ಹೆಸರು ಮರಿಯಾ ಸ್ಟಾಂಪರ್. ಕುಣಿತ ಕಳೆದುಕೊಂಡೆವು, ತಬ್ಬಿಕೊಳ್ಳುವುದನ್ನು ಕಳೆದುಕೊಂಡೆವು ಅಂತ ಅವರು ಮಾತಾಡುತ್ತಾ ಹೋಗುತ್ತಾರೆ. ಅದರ ಅಡಿಯಲ್ಲಿ ಅಪ್ಪಟ ಹೌಸ್ ಬೀಟ್ ಏಳುತ್ತದೆ. ಈ ಹಾಡು ಹೊರಬಂದಿದ್ದು 2021ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ಕ್ಲಬ್ಬುಗಳು ಇನ್ನೂ ಬಾಗಿಲು ತೆರೆಯದಿದ್ದಾಗ. ಆ ಹೊತ್ತಿಗೆ ಅದು ಎಷ್ಟು ಜನರ ಎದೆಗೆ ತಾಗಿತು ಅನ್ನೋದು ಬೇರೆ ಮಾತು. ಇವತ್ತು ಕೇಳಿದರೆ ಸ್ವಲ್ಪ ಭಾಷಣದ ಹಾಗೆ ಅನ್ನಿಸುವುದೂ ಉಂಟು. ಆದರೂ ಆ ಬಾಸ್, ಅಂದರೆ ಕೆಳದನಿಯ ಗುಡುಗು, ಬಂದು ಕೂತ ಕ್ಷಣದಲ್ಲಿ ದೂರು ಮರೆತುಹೋಗುತ್ತದೆ.

ಈ ಆಲ್ಬಂ ಯಾರಿಗೆ? ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಕೂರುವವರಿಗೆ, ಬಸ್ಸಿನ ಕಿಟಕಿ ಪಕ್ಕ ಉದ್ದ ಪ್ರಯಾಣ ಮಾಡುವವರಿಗೆ. ಮನೆಯಲ್ಲಿ ನಾಲ್ಕು ಜನ ಸೇರಿದಾಗ ಹಾಕಬೇಡಿ. ಯಾರೂ ಕುಣಿಯಲ್ಲ. ಯಾರಾದರೂ ಒಬ್ಬರು ಅಳಬಹುದು.

ಎರಡನೆಯದು: ಆಮೇಲೆ ಕೇಳಿದರೂ ಆಯಿತು

2021ರ ನವೆಂಬರ್‌ನಲ್ಲಿ ಬಂತು. ಮೂರರಲ್ಲಿ ಇದು ಹೆಚ್ಚು ಮಬ್ಬು. ಆಪ್ತರೊಬ್ಬರ ಅಗಲಿಕೆಯ ನೆರಳು ಇದರ ಮೇಲಿದೆ. ಹಾಗಾಗಿ ಲಘುವಾಗಿ ಮಾತಾಡಲು ಮನಸ್ಸಾಗಲ್ಲ. ಆದರೆ ಸಂಗೀತವಾಗಿ ನೋಡಿದರೆ ಮೊದಲನೆಯದರ ಮುಂದುವರಿಕೆಯಷ್ಟೇ. ಪಿಯಾನೋ ಹಿಡಿತ ಅದೇ, ದನಿ ಕತ್ತರಿಸುವ ರೀತಿಯೂ ಅದೇ. 'ಬಿಲ್ಲಿ' ಮತ್ತು 'ಫೈಸಲ್' ಇವೆರಡನ್ನು ಎತ್ತಿಟ್ಟುಕೊಳ್ಳಿ. ಉಳಿದವು ಮೊದಲನೆಯ ಆಲ್ಬಂ ತುಂಬಾ ಹಿಡಿಸಿದವರಿಗೆ.

ಮೂರನೆಯದು: ಒಂದೇ ಕೇಳುವುದಾದರೆ ಇದನ್ನು

2022ರ ಅಕ್ಟೋಬರ್ 28ರಂದು ಬಂತು. 2024ರಲ್ಲಿ ಡಾನ್ಸ್, ಎಲೆಕ್ಟ್ರಾನಿಕ್ ಆಲ್ಬಂ ವಿಭಾಗದ ಗ್ರ್ಯಾಮಿ ಗೆದ್ದಿದ್ದು ಇದೇ. ಪ್ರಶಸ್ತಿ ಬಂತು ಅಂತ ಇದನ್ನು ಮುಂದಿಡುತ್ತಿಲ್ಲ. ಡೈರಿಯ ಹಾಗೆ ಬರೆದ ಹಾಡು ಮತ್ತು ಕುಣಿಯಲು ಬರುವ ಬೀಟ್, ಈ ಎರಡರ ಪಾಕ ಸರಿಯಾಗಿ ಕೂಡಿದ್ದು ಇದರಲ್ಲೇ.

'ಡಿಲೈಲಾ' ಕೇಳಿ. ಲಂಡನ್ನಿನ ಗಾಯಕಿ ಡಿಲೈಲಾ ಮೊಂಟಾಗು ಅವರ 'ಲಾಸ್ಟ್ ಕೀಸ್' ಹಾಡಿನ ತುಣುಕಿನ ಮೇಲೆ ನಿಂತಿದೆ. ಮೊದಲು ಬರೀ ದನಿ. ಹೊರಗೆ ಎಳೆದುಕೋ ಅನ್ನುವ ಮೊರೆ. ಡ್ರಮ್ ಬರುತ್ತದೆ ಅನ್ನಿಸುತ್ತದೆ, ಬರಲ್ಲ. ಮತ್ತೆ ಅನ್ನಿಸುತ್ತದೆ, ಆಗಲೂ ಪೂರ್ತಿ ಬರಲ್ಲ. ಕೊನೆಗೆ ಬಂದಾಗ ಎದ್ದು ನಿಲ್ಲದೆ ಇರಲು ಆಗುವುದಿಲ್ಲ. ಬೀಟ್ ಒಮ್ಮೆಲೇ ಬಂದು ಬೀಳುವ ಈ ಜಾಗಕ್ಕೆ ಡ್ರಾಪ್ ಅನ್ನುತ್ತಾರೆ. ಅದು ಬರೀ ಜೋರು ಸದ್ದು ಅಂದುಕೊಂಡವರು ಈ ಒಂದು ಹಾಡನ್ನು ಕೇಳಬೇಕು. ಕಾಯಿಸುವುದೇ ಇಲ್ಲಿ ಅರ್ಧ ಕೆಲಸ ಮಾಡಿದೆ.

'ಡ್ಯಾನಿಯಲ್' ಇನ್ನೊಂದು. ಅಮೆರಿಕದ ಗಾಯಕಿ 070 ಶೇಕ್ ದನಿಯಿಂದ ಮಾಡಿದ್ದು. ಇಲ್ಲಿ ಕಿಕ್ ಎಲ್ಲೂ ತಪ್ಪುವುದಿಲ್ಲ. ನೇರ, ನಿಧಾನವಾಗಿ ಏರುವ ಹೌಸ್. 'ಬ್ಲೂ' ಹಾಡಿನಲ್ಲಿ ರಾಪರ್ ಯಂಗ್ ಬ್ಲೂ ದನಿಯನ್ನು ತೆಳ್ಳಗೆ ಎಳೆದು, ಹುಡುಗನೋ ಹುಡುಗಿಯೋ ಗೊತ್ತಾಗದ ಹಾಗೆ ಮಾಡಿದ್ದಾರೆ. 'ಎಯ್ಲಾರ್' ಮೊದಲ ನಿಮಿಷದಲ್ಲೇ ಆಲ್ಬಮ್ಮಿನ ಬಾಗಿಲು ತೆರೆದುಬಿಡುತ್ತದೆ.

ಇಲ್ಲಿಗೆ ಬರುವ ಹೊತ್ತಿಗೆ ದನಿಗಳು ಬದಲಾಗಿವೆ, ಗಮನಿಸಿ. ಕಟ್ಟಡ ಕೆಲಸಗಾರ ಹೋಗಿ ವೃತ್ತಿಪರ ಗಾಯಕರು ಬಂದಿದ್ದಾರೆ. ಸ್ವಲ್ಪ ಕಳೆದುಕೊಂಡಿದ್ದೇವೆ. ಆದರೆ ಇವರಲ್ಲಿ ಬಹಳ ಜನ ನಮಗೆ ಗೊತ್ತಿಲ್ಲದ ಗಾಯಕರೇ ಆದ್ದರಿಂದ ಆ ಆಪ್ತತೆ ಉಳಿದಿದೆ. ಗೊತ್ತಿರುವವರ ದನಿಯನ್ನೂ ಗುರುತು ಸಿಗದ ಹಾಗೆ ತಿರುಚಿದ್ದಾರೆ.

'ಯುಎಸ್‌ಬಿ': ಕುಣಿಯಲು, ಓಡಲು

ಇದು ಮುಗಿದ ಆಲ್ಬಂ ಅಲ್ಲ. ಡಿಜೆಗಳು ಕ್ಲಬ್ಬಿಗೆ ತೆಗೆದುಕೊಂಡು ಹೋಗುವ ಪೆನ್‌ಡ್ರೈವ್ ಇರುತ್ತದಲ್ಲ, ಅದರ ಹಾಗೆ ಬಿಡಿ ಹಾಡುಗಳನ್ನು 2022ರಿಂದ ಒಂದೊಂದಾಗಿ ಸೇರಿಸಿಕೊಂಡು ಬಂದ ಸಂಗ್ರಹ. ಇಲ್ಲಿ ಡೈರಿ ಇಲ್ಲ, ಅಳು ಇಲ್ಲ. 'ಜಂಗಲ್' ಒಂದು ಸಾಕು: ಎಲೀ ಡುಹೇ ಎಂಬ ಗಾಯಕಿಯ ಚೂರು ದನಿ, ಕೆಳಗೆ ಒರಟು ಸಿಂಥಸೈಜರ್, ನಿಲ್ಲದ ಕಿಕ್. 'ಟರ್ನ್ ಆನ್ ದ ಲೈಟ್ಸ್ ಅಗೇನ್' ರಾಪರ್ ಫ್ಯೂಚರ್ ಅವರ 2012ರ ಹಾಡನ್ನು ಸ್ವೀಡನ್ನಿನ ಡಿಜೆ ತಂಡ ಸ್ವೀಡಿಷ್ ಹೌಸ್ ಮಾಫಿಯಾ ಜೊತೆ ಸೇರಿ ಮತ್ತೆ ಕಟ್ಟಿದ್ದು. ಅಮೆರಿಕದ ಡಿಜೆ ಸ್ಕ್ರಿಲ್ಲೆಕ್ಸ್, ಲಂಡನ್ನಿನ ರಾಪರ್ ಫ್ಲೋಡ್ಯಾನ್ ಜೊತೆಗಿನ 'ರಂಬಲ್' ಹೌಸ್ ಅಲ್ಲವೇ ಅಲ್ಲ. 140ರ ಆಸುಪಾಸಿನ ಡಬ್‌ಸ್ಟೆಪ್. ಅದಕ್ಕೂ ಒಂದು ಗ್ರ್ಯಾಮಿ ಬಂತು.

ಇದನ್ನು ಕೇಳುವ ಮೊದಲು ಅಥವಾ ಕೇಳುವ ಬದಲೇ, ಡಿಜೆಗಳ ಪ್ರದರ್ಶನವನ್ನು ಚಿತ್ರೀಕರಿಸಿ ಬಿಡುವ ಬಾಯ್ಲರ್ ರೂಂನವರ 2022ರ ಜುಲೈನ ಲಂಡನ್ ಸೆಟ್ ನೋಡಿ. ಯೂಟ್ಯೂಬ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಫ್ರೆಡ್ ಹೆಸರು ದೇಶ ದಾಟಿದ್ದು ಆ ವಿಡಿಯೋದಿಂದಲೇ. ಸುತ್ತ ಜನ ಮೈಮೇಲೆ ಬೀಳುವಷ್ಟು ಹತ್ತಿರ. ಮಧ್ಯದಲ್ಲಿ ಯಾರದೋ ಕೈ ತಾಗಿ ಹಾಡು ನಿಂತೇಹೋಗುತ್ತದೆ. ಕೈ ತಾಗಿಸಿದ ಆ ಹುಡುಗನ ಮುಖ ನೋಡಬೇಕು! ಫ್ರೆಡ್ ನಗುತ್ತಾ ಮತ್ತೆ ಶುರು ಮಾಡುತ್ತಾರೆ. ಮಷೀನ್ ಎಂಬ ಪ್ಯಾಡುಗಳ ಯಂತ್ರದ ಮೇಲೆ ಬೆರಳಿನಲ್ಲೇ ಡ್ರಮ್ ಬಾರಿಸುವುದೂ ಕಾಣುತ್ತದೆ. ಆಲ್ಬಮ್ಮಿನಲ್ಲಿ ಸಪ್ಪೆ ಅನ್ನಿಸಿದ ಹಾಡು ಇಲ್ಲಿ ಬೇರೆಯೇ ಆಗಿರುತ್ತದೆ. ಇವರ ಸಂಗೀತ ಇಷ್ಟವಾಗುತ್ತದೋ ಇಲ್ಲವೋ ಅಂತ ಒಂದು ಗಂಟೆಯಲ್ಲಿ ತೀರ್ಮಾನ ಮಾಡಬೇಕಾದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಜಿಮ್, ಬೆಳಗಿನ ಓಟ, ರಾತ್ರಿ ಕಾರು, ಸ್ನೇಹಿತರು ಸೇರಿದ ಮನೆ: ಇವಕ್ಕೆಲ್ಲ 'ಯುಎಸ್‌ಬಿ'ಯೇ ಸರಿ. ಕ್ರಮ ಮುಖ್ಯವಲ್ಲ. ಷಫಲ್ ಹಾಕಿದರೂ ನಡೆಯುತ್ತದೆ.

'ಟೆನ್ ಡೇಸ್': ಚೆಂದ ಇದೆ, ಆದರೆ

2024ರ ಸೆಪ್ಟೆಂಬರ್ 6ರಂದು ಬಂತು. ಹತ್ತು ದಿನಗಳ ನೆನಪಿಗೆ ಹತ್ತು ಹಾಡು. ನಡುನಡುವೆ ಹತ್ತು ಪುಟ್ಟ ತುಣುಕು. ಇಷ್ಟು ಹೊತ್ತಿಗೆ ಫ್ರೆಡ್ ದೊಡ್ಡ ಹೆಸರು. 2023ರ ಫೆಬ್ರವರಿಯಲ್ಲಿ ಸ್ಕ್ರಿಲ್ಲೆಕ್ಸ್ ಮತ್ತು ಲಂಡನ್ನಿನ ಎಲೆಕ್ಟ್ರಾನಿಕ್ ಸಂಗೀತಗಾರ ಫೋರ್ ಟೆಟ್ ಜೊತೆ ನ್ಯೂಯಾರ್ಕಿನ ದೊಡ್ಡ ಒಳಾಂಗಣ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತುಂಬಿಸಿದ್ದರು. ಎರಡು ತಿಂಗಳ ನಂತರ ಅಮೆರಿಕದ ಕೋಚೆಲ್ಲಾ ಸಂಗೀತ ಹಬ್ಬದ ಕೊನೆಯ ರಾತ್ರಿಗೂ ಇವರೇ. ಕರೆದರೆ ಯಾರು ಬೇಕಾದರೂ ಬರುವ ಕಾಲ. ಬಂದರು ಕೂಡ: ಸಾಂಫಾ, ಆಂಡರ್ಸನ್ ಪಾಕ್, ದ ಜಪಾನೀಸ್ ಹೌಸ್, ಒಬೊಂಗ್‌ಜಯಾರ್.

ತೊಂದರೆ ಇಲ್ಲೇ. ಅತಿಥಿಗಳು ಬಂದು ಹಾಡಿ ಹೋದಂತಿದೆ. ಯಾರದೋ ಮಾತಿನಲ್ಲಿ ರಾಗ ಹುಡುಕಿ ತೆಗೆಯುವ ಆ ಮೊದಲಿನ ಸಂತೋಷ ಕಡಿಮೆಯಾಗಿದೆ. ಪ್ರೊಡ್ಯೂಸರ್ ಆಗಿ ಕಲಿತ ನಯ ಇಲ್ಲಿ ಜಾಸ್ತಿ ಕಾಣುತ್ತದೆ. ಎಲ್ಲವೂ ನುಣುಪು. 'ಪ್ಲೇಸಸ್ ಟು ಬಿ' ರೇಡಿಯೋಕ್ಕೆ ಸರಿ, ಮನಸ್ಸಿನಲ್ಲಿ ನಿಲ್ಲಲ್ಲ.

ಆದರೆ ನನ್ನ ಲೆಕ್ಕ ತಪ್ಪು ಅನ್ನಿಸುವ ಹಾಡುಗಳೂ ಇದರಲ್ಲೇ ಇವೆ. 'ಅಡೋರ್ ಯು'ನಲ್ಲಿ ಒಬೊಂಗ್‌ಜಯಾರ್ ಅವರ ಒಂದು ಹಳೆಯ ಹಾಡಿನ ಸಾಲನ್ನು ಎತ್ತಿಕೊಂಡು ಹಾರಿಸಿಬಿಟ್ಟಿದ್ದಾರೆ. 'ವೇರ್ ವಿಲ್ ಐ ಬಿ'ಯಲ್ಲಿ ಇರುವುದು ಅಮೆರಿಕದ ಕಂಟ್ರಿ ಗಾಯಕಿ ಎಮಿಲೂ ಹ್ಯಾರಿಸ್. ಅವರದೂ ದೊಡ್ಡ ಹೆಸರುವಾಸಿ ದನಿಯೇ. ಆ ಸ್ವಲ್ಪ ನಡುಗುವ ದನಿಗೆ ಕ್ಲಬ್ಬಿನ ಬೀಟ್ ಹೊಂದುತ್ತದಾ ಅಂತ ಅನುಮಾನದಿಂದ ಕೇಳಲು ಶುರು ಮಾಡಿದರೆ ಮುಗಿಯುವ ಹೊತ್ತಿಗೆ ಅನುಮಾನ ಇರುವುದಿಲ್ಲ. 'ಗ್ಲೋ' ಏಳು ನಿಮಿಷದ ಆಸುಪಾಸಿನ ಹಾಡು, ಫೋರ್ ಟೆಟ್, ಸ್ಕ್ರಿಲ್ಲೆಕ್ಸ್ ಎಲ್ಲ ಸೇರಿ ಮಾಡಿದ್ದು. ಉದ್ದ ಅನ್ನಿಸಲ್ಲ.

ಎಲೆಕ್ಟ್ರಾನಿಕ್ ಸಂಗೀತದ ಅಭ್ಯಾಸವೇ ಇಲ್ಲದವರಿಗೆ, ಪಾಪ್ ಹಾಡು ಕೇಳುವವರಿಗೆ, 'ಟೆನ್ ಡೇಸ್' ಸುಲಭದ ಬಾಗಿಲು. ಪೂರ್ತಿ ಹಾಡು, ಪೂರ್ತಿ ಸಾಲು, ಪರಿಚಿತ ದನಿ. ಅಂಥವರಿಗೆ ನಾನೂ ಇದನ್ನೇ ಹೇಳುತ್ತೇನೆ. ಉಳಿದವರು ಮೂರನೆಯ 'ಆಕ್ಚುವಲ್ ಲೈಫ್' ಬಿಟ್ಟು ಇದಕ್ಕೆ ಮೊದಲು ಬರಬೇಕಾಗಿಲ್ಲ.

ಈನೋ ಜೊತೆಗಿನದು

'ಸೀಕ್ರೆಟ್ ಲೈಫ್', 2023ರ ಮೇ. ಫೋರ್ ಟೆಟ್ ಅವರ ಟೆಕ್ಸ್ಟ್ ಲೇಬಲ್ಲಿನಿಂದ ಬಂತು. ಗುರು ಶಿಷ್ಯರ ಆಲ್ಬಂ. ಡ್ರಮ್ ಇಲ್ಲವೇ ಇಲ್ಲ ಅನ್ನಬಹುದು. ಮಂಜಿನೊಳಗಿಂದ ದನಿ ಕೇಳಿಬಂದಂತೆ. ಕೆಲಸ ಮಾಡುವಾಗ, ಓದುವಾಗ, ನಿದ್ದೆ ಬಾರದಿದ್ದಾಗ ಚೆನ್ನ. ಹೌಸ್ ಹುಡುಕಿಕೊಂಡು ಬಂದವರು ಮುಟ್ಟಬೇಡಿ.

ಈಚಿನವು

2025ರಲ್ಲಿ ದಿಕ್ಕು ಬದಲಾಯಿತು. ಲಂಡನ್ನಿನ ರಾಪರ್ ಸ್ಕೆಪ್ಟಾ ಮತ್ತು ಅಮೆರಿಕದ ಸ್ಟ್ರೀಮರ್ ಪ್ಲಾಕ್‌ಬಾಯ್‌ಮ್ಯಾಕ್ಸ್ ಜೊತೆ 'ವಿಕ್ಟರಿ ಲ್ಯಾಪ್' ಬಂತು. ಒರಟು ಬಾಸ್, ಅದರ ಮೇಲೆ ರಾಪ್. ಅಲ್ಲಿಗೇ ನಿಲ್ಲಿಸದೆ, ಒಂದರ ಹಿಂದೊಂದು ರಾಪರ್‌ಗಳನ್ನು ಸೇರಿಸಿ ಅದೇ ಹಾಡಿನ ಹೊಸ ಹೊಸ ಆವೃತ್ತಿಗಳನ್ನು ಬಿಡುತ್ತಾ ಹೋದರು. ಆ ಸಾಲಿನಲ್ಲಿ ಹನುಮಾನ್‌ಕೈಂಡ್ ಕೂಡ ಇದ್ದಾರೆ. ಕೇರಳದಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಬೆಂಗಳೂರಿನ ವೇದಿಕೆಗಳಿಂದ ಮೇಲೆ ಬಂದ ರಾಪರ್. ಬೆಂಗಳೂರಿನ ಗಿಗ್‌ಗಳಲ್ಲಿ ಅವರನ್ನು ಕಂಡವರಿಗೆ ಈ ಬೀಟ್ ಮೇಲೆ ಆ ದನಿ ಕೇಳುವುದೇ ಒಂದು ಖುಷಿ, ಅಲ್ವಾ? ಎಲ್ಲ ಆವೃತ್ತಿಗಳನ್ನೂ ಕೇಳುವ ಅಗತ್ಯವಿಲ್ಲ. ಮೂಲದ್ದು ಮತ್ತು ಹನುಮಾನ್‌ಕೈಂಡ್ ಇರುವ ಒಂದು ಸಾಕು.

ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಯುಎಸ್‌ಬಿ002' ಶುರುವಾಯಿತು. ಹತ್ತು ವಾರ, ವಾರಕ್ಕೊಂದು ಹಾಡು, ಹತ್ತು ಕಡೆ ಪ್ರದರ್ಶನ. ಮೊದಲ ಹಾಡು ಆಸ್ಟ್ರೇಲಿಯಾದ ಪಂಕ್ ತಂಡ ಆಮಿಲ್ ಆ್ಯಂಡ್ ದ ಸ್ನಿಫರ್ಸ್ ಜೊತೆ. ಇಲ್ಲಿ ಹೌಸ್ ಇನ್ನೂ ಕಡಿಮೆ, ಸದ್ದು ಇನ್ನೂ ಜಾಸ್ತಿ. ಹಳೆಯ 'ಯುಎಸ್‌ಬಿ' ಇಷ್ಟವಾದವರಿಗೆ ಮುಂದಿನ ಮೆಟ್ಟಿಲು. 'ಡಿಲೈಲಾ' ಕೇಳಿ ಕರಗಿದವರಿಗೆ ಅಷ್ಟಾಗಿ ಹಿಡಿಸಲಿಕ್ಕಿಲ್ಲ.

ಕೇಳುವ ಮೊದಲು ಒಂದಿಷ್ಟು

ಫೋನಿನ ಸ್ಪೀಕರ್‌ನಲ್ಲಿ ಕೇಳಿ ತೀರ್ಪು ಕೊಡಬೇಡಿ. ಬಾಸ್ ಅದರಲ್ಲಿ ಬರುವುದೇ ಇಲ್ಲ. ಬಾಸ್ ಇಲ್ಲದ 'ಜಂಗಲ್' ಅಂದರೆ ಬರೀ ಚೀರಾಟ. ಸಾಧಾರಣ ಬೆಲೆಯ ವಯರ್ ಇಯರ್‌ಫೋನ್ ಆದರೂ ಪರವಾಗಿಲ್ಲ.

ಮೂರೂ 'ಆಕ್ಚುವಲ್ ಲೈಫ್' ಮತ್ತು 'ಟೆನ್ ಡೇಸ್' ಕೇಳುವಾಗ ಷಫಲ್ ತೆಗೆಯಿರಿ. ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಸೇರಿಕೊಂಡಿರುತ್ತದೆ. ಆ ಸಣ್ಣ ತುಣುಕುಗಳು ಸುಮ್ಮನೆ ಇಟ್ಟವಲ್ಲ. ಆ್ಯಪ್‌ನಲ್ಲಿ ಜಾಹೀರಾತು ಬರುವ ಬಿಟ್ಟಿ ಖಾತೆ ಇದ್ದರೆ ಈ ಓಟ ಪೂರ್ತಿ ಕೆಡುತ್ತದೆ. ಆಗ 'ಯುಎಸ್‌ಬಿ'ಯಿಂದ ಶುರು ಮಾಡುವುದೇ ಲೇಸು. 'ರಂಬಲ್', 'ವಿಕ್ಟರಿ ಲ್ಯಾಪ್' ಥರದವುಗಳನ್ನು ಮನೆಯಲ್ಲಿ ಚಿಕ್ಕ ಮಕ್ಕಳ ಎದುರು ಹಾಕುವ ಮುನ್ನ ಸ್ವಲ್ಪ ಯೋಚಿಸಿ. ರಾಪ್ ಇದ್ದ ಕಡೆ ಬಾಯಿ ಸಡಿಲ ಇರುತ್ತದೆ.

ಇಷ್ಟವಾದ ಮೇಲೆ ಮೂಲ ಹಾಡುಗಳನ್ನು ಹುಡುಕಿ ಕೇಳುವುದು ಬೇರೆಯೇ ಮಜಾ. ಮೊದಲೇ ಕೇಳಬೇಡಿ, ಆಮೇಲೆ ಕೇಳಿ. 'ಲಾಸ್ಟ್ ಕೀಸ್' ಎಷ್ಟು ಮೆತ್ತಗಿನ ಹಾಡು ಅಂತ ಗೊತ್ತಾದಾಗ ಫ್ರೆಡ್ ಮಾಡಿದ್ದು ಏನು ಅನ್ನೋದು ಸರಿಯಾಗಿ ತಿಳಿಯುತ್ತದೆ. 'ಬಿಲ್ಲಿ'ಯ ಮೂಲ ಮಾತ್ರ ಇದಕ್ಕೆ ಉಲ್ಟಾ. ಅದು ಬಿಲ್ಲಿ ರೇ ಮಾರ್ಟಿನ್ ಅವರ 1994ರ 'ಯುವರ್ ಲವಿಂಗ್ ಆರ್ಮ್ಸ್', ಆಗಲೇ ಕ್ಲಬ್ಬಿಗೆ ಅಂತ ಮಾಡಿದ ಹಾಡು. ನನ್ನ ಕಿವಿಗೆ ಫ್ರೆಡ್ ಅವರದಕ್ಕಿಂತ ಅದೇ ಒಂದು ಕೈ ಮೇಲು.